ಹೆಸರೊಂದು, ಬಣ್ಣ ಮತ್ತೊಂದು

ಕಳೆದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವದ ಚಿತ್ರಪ್ರದರ್ಶನಕ್ಕೆಂದು ನಾನು ಕಾಂಗ್ಡಾ ಶೈಲಿಯ ಒಂದು ಚಿಕಣಿ ಚಿತ್ರವನ್ನು ನೋಡಿ ಬರೆಯತೊಡಗಿದ್ದೆ. ಅಂಗೈಯಗಲದ ಕಾಗದ, ಅದರಲ್ಲೊಂದು ಮಾವಿನ ಮರ, ಮರದ ಕೆಳಗೆ ಕೆಂಪು ಲಂಗವುಟ್ಟು ನಿಂತ ನಾಯಿಕೆ. ಲಂಗದ ಮುಕ್ಕಾಲು ಪಾಲು ಮುಗಿಯುವ ಹೊತ್ತಿಗೆ ಸೀಸೆಯಲ್ಲಿದ್ದ ಪೋಸ್ಟರ್ ಬಣ್ಣ ತಳ ಕಂಡಿತು. ಅಂಗಡಿಗೆ ಹೋದರೆ ಆ ಕಂಪನಿಯ ಬಣ್ಣ ಇರಲಿಲ್ಲ. “ಇದೂ ವರ್ಮಿಲಿಯನ್ನೇ ಕಣಪ್ಪ, ಕಂಪನಿ ಬೇರೆ ಅಷ್ಟೆ, ತಗೊಂಡು ಹೋಗು” ಎಂದು ಅಂಗಡಿಯವರು ಮತ್ತೊಂದು ಸೀಸೆಯನ್ನು ಕೈಗಿತ್ತರು. ಮುಚ್ಚಳ ತೆಗೆದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ, ಭೇದವೇ ಕಾಣಲಿಲ್ಲ. ಉಳಿದ ಕಾಲು ಭಾಗಕ್ಕೆ ಹಚ್ಚಿ, ದೀಪವಾರಿಸಿ ಮಲಗಿದೆ.

ಬೆಳಗಾಗೆದ್ದು ನೋಡುತ್ತೇನೆ, ಹಳೆಯ ಭಾಗ ಕುಂಕುಮದಂತಿದೆ, ಹೊಸದು ಮಂಗಳೂರು ಹೆಂಚಿನಂತಿದೆ! ಚಿತ್ರವನ್ನು ನೋಡಿದ ಅಧ್ಯಾಪಕರೊಬ್ಬರು ನಕ್ಕು, “ಏನಪ್ಪಾ, ಒಂದೇ ಲಂಗಕ್ಕೆ ಎರಡು ಅಂಗಡಿಯ ಬಟ್ಟೆ ತಂದೆಯಾ?” ಎಂದರು. ಅವರು ನಕ್ಕದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಹದಿನೈದು ದಿನ ಕೂದಲೆಳೆಯ ಕುಂಚ ಹಿಡಿದು ಮಾಡಿದ ಕೆಲಸ ಒಂದು ರಾತ್ರಿಯಲ್ಲಿ ತೇಪೆ ಹಾಕಿದ ಸೀರೆಯಂತಾಯಿತಲ್ಲ ಎಂಬ ಸಂಕಟ ನನ್ನದು. ಅಂದಿನಿಂದ ಒಂದು ಕಂಪನಿಯ ಬಣ್ಣಕ್ಕೆ ಮತ್ತೊಂದು ಕಂಪನಿಯ ಬಣ್ಣವನ್ನು ಬದಲಿಯಾಗಿ ಆರಿಸುವುದು ಹೇಗೆಂಬ ವಿಚಾರದ ಬೆನ್ನು ಹತ್ತಿದೆ. ಓದಿದ್ದನ್ನೂ ಕೈಯಾರೆ ಮಾಡಿ ನೋಡಿದ್ದನ್ನೂ ಚಿತ್ರದಲ್ಲಿ ಆಸಕ್ತಿಯುಳ್ಳ ಮಿತ್ರರಿಗಾಗಿ ಇಲ್ಲಿ ಬರೆದಿದ್ದೇನೆ.

ಮೊದಲು ಹೆಸರಿನ ವಿಷಯ. ‘ಮಿನಿಯೇಚರ್’ ಎಂಬ ಮಾತನ್ನು ಕೇಳಿದೊಡನೆ ಅದು ಚಿಕ್ಕದೆಂಬ ಅರ್ಥದಿಂದ ಹುಟ್ಟಿದ್ದೆಂದು ನಾವೆಲ್ಲ ಭಾವಿಸುತ್ತೇವೆ. ನಾನೂ ಹಾಗೆಯೇ ತಿಳಿದಿದ್ದೆ. ವಾಸ್ತವವಾಗಿ ಅದು ‘ಮಿನಿಯಮ್’ ಎಂಬ ಲ್ಯಾಟಿನ್ ಶಬ್ದದಿಂದ ಬಂದುದು. ಮಿನಿಯಮ್ ಎಂದರೆ ಕೆಂಪು ಬಣ್ಣ. ಯೂರೋಪಿನ ಹಸ್ತಪ್ರತಿಗಳಲ್ಲಿ ದೊಡ್ಡಕ್ಷರಗಳನ್ನು ಈ ಕೆಂಪಿನಿಂದ ಬರೆದು ಅಲಂಕರಿಸುತ್ತಿದ್ದರು. ಆ ಕೆಲಸದ ಹೆಸರೇ ಮುಂದೆ ಹಸ್ತಪ್ರತಿಯೊಳಗಿನ ಚಿತ್ರಕ್ಕೂ ಅಂಟಿತು. ಆ ಚಿತ್ರಗಳು ಚಿಕ್ಕವಾಗಿದ್ದುದರಿಂದ ಚಿಕ್ಕದೆಂಬ ಅರ್ಥ ಆಮೇಲೆ ಬಂದು ಸೇರಿಕೊಂಡಿತು.

ಸ್ವಾರಸ್ಯ ಇಷ್ಟಕ್ಕೇ ಮುಗಿಯುವುದಿಲ್ಲ. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಪಂಡಿತ ಪ್ಲಿನಿಯ ಕಾಲದಲ್ಲಿ ಮಿನಿಯಮ್ ಎಂದರೆ ಇಂಗಳೀಕ, ಅಂದರೆ ಪಾದರಸ ಮತ್ತು ಗಂಧಕದ ಸಂಯುಕ್ತ. ಅದು ಸ್ಪೇನಿನ ಗಣಿಗಳಿಂದ ರೋಮಿಗೆ ಬರುತ್ತಿತ್ತು. ತೂಕಕ್ಕೆ ಇಷ್ಟೇ ಬೆಲೆಯೆಂದು ಕಾನೂನು ಮಾಡಿದ್ದರೂ ವ್ಯಾಪಾರಿಗಳು ಅದಕ್ಕೆ ಬಗೆಬಗೆಯ ಬೆರಕೆ ಮಾಡುತ್ತಿದ್ದರೆಂದು ಪ್ಲಿನಿ ದೂರಿದ್ದಾನೆ. ಹಾಗೆ ಬೆರಸುತ್ತಿದ್ದ ವಸ್ತುಗಳಲ್ಲೊಂದು, ಸೀಸದಿಂದ ಮಾಡುವ ಅಗ್ಗದ ಕೆಂಪು. ನಮ್ಮ ಸಿಂಧೂರದ ಜಾತಿಯದು. ಅದನ್ನು ಎರಡನೆಯ ದರ್ಜೆಯ ಮಿನಿಯಮ್ ಎನ್ನುತ್ತಿದ್ದರಂತೆ. ಕಾಲ ಕಳೆದಂತೆ ಮೊದಲನೆಯ ದರ್ಜೆಯದು ಆ ಹೆಸರನ್ನು ಕಳೆದುಕೊಂಡಿತು. ಇಂದು ಮಿನಿಯಮ್ ಎಂದರೆ ಸೀಸದ ಕೆಂಪೇ. ಬಾಡಿಗೆಗೆ ಬಂದವನು ಮನೆಯನ್ನೇ ತನ್ನ ಹೆಸರಿಗೆ ಮಾಡಿಕೊಂಡಂತೆ! ಇತ್ತ ಇಂಗಳೀಕಕ್ಕೆ ಬಂದ ವರ್ಮಿಲಿಯನ್ ಎಂಬ ಹೆಸರಾದರೂ ಅದರ ಸ್ವಂತದ್ದಲ್ಲ. ಅದರ ಮೂಲಾರ್ಥ ಚಿಕ್ಕ ಹುಳು. ಕೆಂಪು ಬಣ್ಣ ಕೊಡುವ ಒಂದು ಜಾತಿಯ ಕೀಟದಿಂದ ಆ ಹೆಸರು ಇಂಗಳೀಕಕ್ಕೆ ವರ್ಗವಾಯಿತು. ಈಗ ಇಂಗಳೀಕದಿಂದಲೂ ವರ್ಗವಾಗಿದೆ. ವಿದ್ಯಾರ್ಥಿಗಳು ಕೊಳ್ಳುವ ಸೀಸೆಗಳಲ್ಲಿ ವರ್ಮಿಲಿಯನ್ ಎಂದು ಬರೆದಿದ್ದರೂ ಒಳಗೆ ಪಾದರಸವಿರುವುದಿಲ್ಲ. ಕಾರ್ಖಾನೆಯಲ್ಲಿ ತಯಾರಾದ ಬೇರೆ ಯಾವುದೋ ಕೆಂಪು ಇರುತ್ತದೆ. ಅದು ಯಾವುದೆಂಬುದು ಆಯಾ ಕಂಪನಿಯ ಇಷ್ಟ. ನನ್ನ ಎರಡು ಸೀಸೆಗಳು ಒಂದೇ ಹೆಸರಿಟ್ಟುಕೊಂಡು ಜಗಳವಾಡಿದ್ದು ಹೀಗೆ.

ಹಾಗಾದರೆ ಹೆಸರನ್ನು ಬಿಟ್ಟು ಹಿಡಿಯಬೇಕಾದದ್ದೇನು? ಬಣ್ಣವೆಂಬುದರಲ್ಲಿ ಮುಖ್ಯವಾಗಿ ಎರಡು ವಸ್ತುಗಳಿರುತ್ತವೆ: ನುಣ್ಣಗೆ ಅರೆದ ವರ್ಣದ್ರವ್ಯ ಮತ್ತು ಅದನ್ನು ಕಾಗದಕ್ಕೆ ಹಿಡಿಸುವ ಅಂಟು. ಅಗ್ಗದ ಬಣ್ಣಗಳಲ್ಲಿ ಸೀಮೆಸುಣ್ಣದಂತಹ ಬಿಳಿಯ ಪುಡಿಯೂ ಮೂರನೆಯದಾಗಿ ಸೇರುತ್ತದೆ. ಇವುಗಳಲ್ಲಿ ವರ್ಣದ್ರವ್ಯಕ್ಕೆ ಒಂದು ಸರ್ವಮಾನ್ಯವಾದ ಗುರುತುಂಟು. ಬ್ರಿಟನ್ನಿನ ಬಣ್ಣಗಾರರ ಸಂಘವು 1924ರ ಸುಮಾರಿಗೆ ‘ಕಲರ್ ಇಂಡೆಕ್ಸ್’ ಎಂಬ ಕೋಶವನ್ನು ಪ್ರಕಟಿಸತೊಡಗಿತು. ಮುಂದೆ ಅಮೆರಿಕದ ಅಂತಹುದೇ ಸಂಘವೂ ಇದರಲ್ಲಿ ಕೈಗೂಡಿಸಿತು. ಇದರಲ್ಲಿ ಪ್ರತಿಯೊಂದು ವರ್ಣದ್ರವ್ಯಕ್ಕೂ ಒಂದು ಸಂಖ್ಯೆಯಿದೆ. ಪಿ.ಆರ್. ಎಂದರೆ ಕೆಂಪು, ಪಿ.ಬಿ. ಎಂದರೆ ನೀಲಿ, ಪಿ.ವೈ. ಎಂದರೆ ಹಳದಿ, ಪಿ.ಡಬ್ಲ್ಯು. ಎಂದರೆ ಬಿಳಿ. ನಿಜವಾದ ಇಂಗಳೀಕ ಪಿ.ಆರ್. 106. ಇಂದು ಕೆಂಪಿಗೆ ಬಳಸುವ ನ್ಯಾಫ್ಥಾಲ್ ಜಾತಿಯದೊಂದು ಪಿ.ಆರ್. 112; ಪಿರಾಲ್ ಜಾತಿಯದೊಂದು ಪಿ.ಆರ್. 254. ಒಳ್ಳೆಯ ಕಂಪನಿಗಳು ಟ್ಯೂಬಿನ ಬೆನ್ನಿನ ಮೇಲೆ ಈ ಸಂಖ್ಯೆಯನ್ನು ಸಣ್ಣಕ್ಷರದಲ್ಲಿ ಅಚ್ಚು ಮಾಡುತ್ತವೆ. ಜಾತಕ ನೋಡದೆ ಸಂಬಂಧ ಬೆಳೆಸುವುದಿಲ್ಲವೆನ್ನುವ ಹಿರಿಯರಂತೆ, ಮೊದಲು ಆ ಬೆನ್ನನ್ನು ನೋಡಬೇಕು.

ಸಂಖ್ಯೆಯ ಉಪಯೋಗ ಎಷ್ಟೆಂಬುದಕ್ಕೆ ನೀಲಿಯೊಂದೇ ಸಾಕು. ಒಂದು ಕಂಪನಿಯವರು ಫ್ರೆಂಚ್ ಅಲ್ಟ್ರಾಮರೀನ್ ಎನ್ನುತ್ತಾರೆ, ಇನ್ನೊಬ್ಬರು ಬರಿಯ ಅಲ್ಟ್ರಾಮರೀನ್ ಎನ್ನುತ್ತಾರೆ. ಒಳಗಿರುವುದು ಪಿ.ಬಿ. 29 ಆದರೆ ಹೆಸರು ಏನಿದ್ದರೂ ಚಿಂತೆಯಿಲ್ಲ. ಮೊಗಲ್ ಮತ್ತು ರಾಜಪುತ ಚಿತ್ರಕಾರರು ಆಫ್ಘಾನಿಸ್ತಾನದ ಬದಕ್‌ಶಾನ್ ಪ್ರಾಂತದ ಲಾಜವರ್ದ ಕಲ್ಲನ್ನು ಅರೆದು ಪಡೆಯುತ್ತಿದ್ದ ನೀಲಿಯ ಸತ್ವವೂ ಇದೇ. 1824ರಲ್ಲಿ ಫ್ರಾನ್ಸಿನ ಒಂದು ಸಂಸ್ಥೆ ಇದನ್ನು ಅಗ್ಗವಾಗಿ ತಯಾರಿಸಿದವರಿಗೆ 6000 ಫ್ರಾಂಕುಗಳ ಬಹುಮಾನ ಸಾರಿತು. ಗೀಮೆ ಎಂಬುವನು ಅದನ್ನು ಗೆದ್ದುಕೊಂಡನು. ಜರ್ಮನಿಯ ಗ್ಮೆಲಿನ್ ಕೂಡ 1828ರಲ್ಲಿ ಬೇರೆಯಾಗಿಯೇ ಆ ದಾರಿಯನ್ನು ಕಂಡುಕೊಂಡನು. ಚಿನ್ನದ ತೂಕಕ್ಕೆ ತೂಗುತ್ತಿದ್ದ ಬಣ್ಣ ಅಂದಿನಿಂದ ಬಟ್ಟೆಗೆ ಹಾಕುವ ನೀಲಿಪುಡಿಯಾಗಿ ಬಡವರ ಮನೆಗೂ ಬಂತು.

ಆ ನೀಲಿಪುಡಿಯ ವಿಚಾರದಲ್ಲಿ ನನಗೆ ಮೊದಲ ಪಾಠ ಹೇಳಿದವರು ನನ್ನ ತಾಯಿ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಯುಗಾದಿಗೆ ಮೊದಲು ಗೋಡೆಗೆ ಸುಣ್ಣ ಬಳಿಯುವಾಗ ಬೆಳ್ಳಗೆ ಕಾಣಲೆಂದು ಅದಕ್ಕೆ ಒಂದು ಚಿಟಿಕೆ ನೀಲಿ ಹಾಕುವುದುಂಟಷ್ಟೆ. ಹೊಸ ಪೊಟ್ಟಣ ತಂದಾಗಲೆಲ್ಲ ಅವರು ಹಿತ್ತಿಲ ಗೋಡೆಯ ಮೇಲೆ ಒಂದು ಗೀಟೆಳೆದು, ಮಾರನೆಯ ದಿನ ಅದು ಒಣಗಿದ ಮೇಲೆಯೇ ಮುಂಬಾಗಿಲ ಗೋಡೆಗೆ ಕೈ ಹಾಕುತ್ತಿದ್ದರು. “ಹಸೀದ್ರಲ್ಲಿ ಎಲ್ಲಾ ನೀಲೀನೂ ಒಂದೇ ಕಣೋ” ಎನ್ನುತ್ತಿದ್ದರು. ರಸಾಯನಶಾಸ್ತ್ರವೂ ಅವರ ಪರವಾಗಿದೆ. ಅಲ್ಟ್ರಾಮರೀನ್ ಸುಣ್ಣದ ಕ್ಷಾರವನ್ನು ತಡೆದುಕೊಳ್ಳುತ್ತದೆ, ಹುಳಿಯನ್ನು ತಡೆಯದು. ಪ್ರಷ್ಯನ್ ನೀಲಿ, ಅಂದರೆ ಪಿ.ಬಿ. 27, ಇದಕ್ಕೆ ತದ್ವಿರುದ್ಧ. ಸುಣ್ಣದಲ್ಲಿ ಅದು ಕೆಟ್ಟು ಕಂದುಬಣ್ಣಕ್ಕೆ ತಿರುಗುತ್ತದೆ. ಹಸಿಯಾಗಿರುವಾಗ ಇವೆರಡನ್ನೂ ನೋಡಿ ಮೋಸಹೋಗುವವರು ಬಹಳ. ಒಂದು ವರ್ಷ ತಾಯಿಯ ಪಾಠವನ್ನು ನೆನೆದಿದ್ದರೆ ಈ ಲೇಖನಕ್ಕೆ ಕಾರಣವೇ ಇರುತ್ತಿರಲಿಲ್ಲ.

ಸಂಖ್ಯೆ ನೋಡುವಾಗ ಎರಡು ಎಚ್ಚರಿಕೆಗಳು ಅಗತ್ಯ. ಹೆಸರಿನ ಮುಂದೆ ‘ಹ್ಯೂ’ ಎಂಬ ಚಿಕ್ಕ ಮಾತಿದ್ದರೆ, ಆ ಹೆಸರಿನ ದ್ರವ್ಯ ಒಳಗಿಲ್ಲ, ಅದರ ಛಾಯೆಯನ್ನು ಬೇರೆ ದ್ರವ್ಯಗಳಿಂದ ತರಲಾಗಿದೆ ಎಂದು ತಿಳಿಯಬೇಕು. ಅದು ಮೋಸವಲ್ಲ, ಮೊದಲೇ ಹೇಳಿದ ಮಾತು. ನಾವು ಓದುವುದಿಲ್ಲ ಅಷ್ಟೆ. ಒಂದೇ ಟ್ಯೂಬಿನ ಮೇಲೆ ಮೂರು ಸಂಖ್ಯೆಗಳಿದ್ದರೆ ಅದು ಮಿಶ್ರಣ. ‘ಇಂಡಿಗೊ’ ಎಂದು ಮಾರುವ ಅನೇಕ ಟ್ಯೂಬುಗಳಲ್ಲಿ ನೀಲಿಗಿಡದ ಸುಳಿವೇ ಇಲ್ಲ. ಯಾವುದೋ ನೀಲಿಗೆ ಕಾಡಿಗೆಯ ಜಾತಿಯ ಕಪ್ಪನ್ನು ಸೇರಿಸಿರುತ್ತಾರೆ. ಇಂತಹ ಮಿಶ್ರಣಕ್ಕೆ ಬದಲಿ ಬೇಕಾದಾಗ ಇನ್ನೊಂದು ಕಂಪನಿಯ ಮಿಶ್ರಣವನ್ನು ಹುಡುಕಿ ಅಲೆಯುವುದಕ್ಕಿಂತ, ಆ ಎರಡು ಮೂಲದ್ರವ್ಯಗಳನ್ನು ತಂದು ನಾವೇ ಬೆರಸಿಕೊಳ್ಳುವುದು ಮೇಲು.

ಇನ್ನೊಂದು ಎಚ್ಚರಿಕೆ, ಸಂಖ್ಯೆಯೊಂದೇ ಆದರೂ ಬಣ್ಣ ಬೇರೆಯಾಗಬಹುದು. ಪಿ.ಆರ್. 101 ಎಂಬುದು ಕಾರ್ಖಾನೆಯಲ್ಲಿ ಮಾಡಿದ ಕಬ್ಬಿಣದ ಕೆಂಪು, ನಮ್ಮ ಕೆಮ್ಮಣ್ಣಿನ ಒಡಹುಟ್ಟು. ಅದರ ಕಣಗಳು ಸಣ್ಣವಾದರೆ ಕಿತ್ತಳೆಯ ಕಡೆಗೂ ದಪ್ಪವಾದರೆ ನೇರಳೆಯ ಕಡೆಗೂ ವಾಲುತ್ತದೆ. ಒಬ್ಬರು ಅದನ್ನು ಲೈಟ್ ರೆಡ್ ಎಂದು ಮಾರಿದರೆ ಇನ್ನೊಬ್ಬರು ಇಂಡಿಯನ್ ರೆಡ್ ಎಂದು ಮಾರುತ್ತಾರೆ. ಸಂಖ್ಯೆ ಮಾತ್ರ ಒಂದೇ. ಆದ್ದರಿಂದ ಸಂಖ್ಯೆ ಹೊಂದಿದ ಮೇಲೂ ಕಾಗದದ ಮೇಲೆ ಹಚ್ಚಿ ನೋಡದೆ ವಿಧಿಯಿಲ್ಲ. ಸಂಖ್ಯೆಯೇ ಇಲ್ಲದ ಸೀಸೆಗಳಿಗಂತೂ, ನಾನು ಕೊಂಡ ಎರಡರ ಮೇಲೂ ಇರಲಿಲ್ಲ, ಇದೊಂದೇ ಗತಿ.

ಹಚ್ಚಿ ನೋಡುವುದೆಂದರೆ ಒಂದು ಮಚ್ಚೆ ಇಟ್ಟು ನೋಡುವುದಲ್ಲ. ನಾನು ಈಗ ಮಾಡುವ ಕ್ರಮ ಹೀಗಿದೆ. ಚಿತ್ರಕ್ಕೆ ಬಳಸುವ ಕಾಗದದಿಂದಲೇ ಪೋಸ್ಟ್‌ಕಾರ್ಡಿನ ಅಳತೆಯ ಚೂರುಗಳನ್ನು ಕತ್ತರಿಸಿಕೊಂಡು, ಅವುಗಳ ನಡುವೆ ನೀರಿಗೆ ಕರಗದ ಕಪ್ಪು ಶಾಯಿಯಿಂದ ಒಂದು ದಪ್ಪ ಗೆರೆ ಎಳೆಯುತ್ತೇನೆ. ಹಳೆಯ ಬಣ್ಣವನ್ನೂ ಹೊಸ ಬಣ್ಣವನ್ನೂ ಆ ಗೆರೆಯ ಮೇಲೆ ಹಾಯುವಂತೆ ದಟ್ಟವಾಗಿ ಬಳಿಯುತ್ತೇನೆ. ಗೆರೆ ಮರೆಯಾದರೆ ಬಣ್ಣ ಮುಚ್ಚುವ ಜಾತಿಯದು, ತೋರುತ್ತಿದ್ದರೆ ಪಾರದರ್ಶಕ. ಚಿಕಣಿ ಚಿತ್ರದಲ್ಲಿ ಇದು ಪ್ರಾಣದಂತಹ ವಿಚಾರ. ಲಂಗದ ನೆಲಬಣ್ಣ ಮುಚ್ಚುವಂತಿರಬೇಕು. ಅದರ ಮೇಲಿನ ಜಾಲರಿ ಸೆರಗಿಗೆ, ನೆರಳಿಗೆ, ಕೆನ್ನೆಯ ಕೆಂಪಿಗೆ ಪಾರದರ್ಶಕವೇ ಆಗಬೇಕು. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು, ಛಾಯೆ ಕೂದಲೆಳೆಯಷ್ಟೂ ತಪ್ಪದೆ ಹೊಂದಿದ್ದರೂ ಸಹ.

ಅನಂತರ ಎರಡನ್ನೂ ಬಿಳಿಯೊಡನೆ ಸಮಸಮವಾಗಿ ಬೆರಸಿ ಹಚ್ಚುತ್ತೇನೆ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಸತ್ಯ ಹೇಳುವ ಪರೀಕ್ಷೆ ಇದು. ದಟ್ಟವಾಗಿರುವಾಗ ಪ್ರಷ್ಯನ್ ನೀಲಿಯೂ ಥ್ಯಾಲೊ ನೀಲಿಯೂ (ಇದು 1930ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಪಿ.ಬಿ. 15) ಕತ್ತಲೆಯಲ್ಲಿ ನಿಂತ ಅವಳಿಜವಳಿಗಳಂತಿರುತ್ತವೆ. ಬಿಳಿ ಸೇರಿದೊಡನೆ ಥ್ಯಾಲೊ ನವಿಲಿನಂತೆ ಹೊಳೆಯುತ್ತದೆ, ಪ್ರಷ್ಯನ್ ಮೋಡದಂತೆ ಮಂಕಾಗುತ್ತದೆ. ಬಣ್ಣದ ಬಲವೂ ಇದರಿಂದಲೇ ತಿಳಿಯುತ್ತದೆ. ಸೀಮೆಸುಣ್ಣ ತುಂಬಿದ ಅಗ್ಗದ ಬಣ್ಣ ಅಷ್ಟೇ ಬಿಳಿಗೆ ಸೋತು ಸಪ್ಪೆಯಾಗುತ್ತದೆ. ಥ್ಯಾಲೊ ನೀಲಿಯಾದರೋ ಗುಂಡುಸೂಜಿಯ ತಲೆಯಷ್ಟು ಸೇರಿಸಿದರೂ ಬಟ್ಟಲನ್ನೆಲ್ಲ ನುಂಗಿಬಿಡುತ್ತದೆ. ಪ್ರಷ್ಯನ್ ನೀಲಿಯ ಅಳತೆಯಲ್ಲೇ ಅದನ್ನು ಹಾಕಿ ಒಂದು ಸಂಜೆಯ ಆಕಾಶವನ್ನು ನಾನು ಹಾಳುಮಾಡಿಕೊಂಡದ್ದುಂಟು.

ಒಣಗಿದ ಮೇಲೆ ಕಾರ್ಡನ್ನು ಹಗಲು ಬೆಳಕಿನಲ್ಲೂ ರಾತ್ರಿ ದೀಪದ ಬೆಳಕಿನಲ್ಲೂ ನೋಡಬೇಕು. ಬೇರೆ ಬೇರೆ ದ್ರವ್ಯಗಳಿಂದಾದ ಎರಡು ಬಣ್ಣಗಳು ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡು ಇನ್ನೊಂದರಲ್ಲಿ ಬೇರೆಯಾಗುವುದುಂಟು. ಟ್ಯೂಬ್‌ಲೈಟಿನ ಕೆಳಗೆ ಒಪ್ಪಿಕೊಂಡು ಮಾರನೆಯ ದಿನ ಬಿಸಿಲಿನಲ್ಲಿ ತಲೆ ಮೇಲೆ ಕೈಹೊತ್ತವರಲ್ಲಿ ನಾನೊಬ್ಬನೇ ಅಲ್ಲವೆಂದು ನಂಬಿದ್ದೇನೆ. ಛಾಯೆ ಬಿಟ್ಟು ಬಣ್ಣದ ತಿಳಿ-ಗಾಢ ಮಾತ್ರ ಹೊಂದುತ್ತದೆಯೇ ಎಂದು ನೋಡಲು ಮೊಬೈಲಿನಲ್ಲಿ ಕಪ್ಪು ಬಿಳುಪಿನ ಚಿತ್ರ ತೆಗೆದರೆ ಸಾಕಾಗುತ್ತದೆ. ಆದರೆ ಬಣ್ಣದ ಹೊಂದಾಣಿಕೆಗೆ ಅದೇ ಮೊಬೈಲನ್ನು ಸಾಕ್ಷಿಗೆ ಕರೆಯಬಾರದು. ಅದು ತನಗೆ ಚೆಂದ ಕಂಡಂತೆ ತಿದ್ದಿ ಹೇಳುವ ಸಾಕ್ಷಿ.

ಅಂಟಿನ ವಿಚಾರವನ್ನು ಹಲವರು ಮರೆಯುತ್ತಾರೆ. ನಮ್ಮ ಚಿಕಣಿ ಚಿತ್ರದ ಸಂಪ್ರದಾಯದಲ್ಲಿ ಕಾಗದವನ್ನು ಬೋರಲಾಗಿ ಹಾಕಿ ಬೆನ್ನಿನ ಕಡೆಯಿಂದ ಅಕೀಕಿನ ನುಣುಪುಕಲ್ಲಿನಿಂದ ಉಜ್ಜುತ್ತಾರೆ. ಬಣ್ಣ ಕಾಗದದೊಳಗೆ ಕುಳಿತು ಮೀನಾಕೆಲಸದ ಹೊಳಪು ಬರುತ್ತದೆ. ಗೋಂದು ಕಡಮೆಯಿರುವ ಬಣ್ಣ ಈ ಉಜ್ಜಾಟಕ್ಕೆ ಪುಡಿಪುಡಿಯಾಗಿ ಉದುರುತ್ತದೆ, ಹೆಚ್ಚಿದ್ದರೆ ಬಿರುಕು ಬಿಡುತ್ತದೆ. ಅಕ್ರಿಲಿಕ್ ಬಣ್ಣ ಒಣಗಿದರೆ ಪ್ಲಾಸ್ಟಿಕ್ಕಿನ ಪೊರೆ. ಮತ್ತೆ ನೀರು ತಾಗಿಸಿ ಅಂಚನ್ನು ಮೆದುಮಾಡಲು ಬಾರದು. ಸಂಖ್ಯೆ ಒಂದೇ ಆದರೂ ಅಕ್ರಿಲಿಕ್ ಟ್ಯೂಬು ಗೋಂದಿನ ಬಣ್ಣಕ್ಕೆ ಬದಲಿಯಲ್ಲ.

ಪರದೇಶಗಳಲ್ಲಿ ಸೀಸದ, ಪ್ಲಾಸ್ಟಿಕ್ಕಿನ ಪುಟ್ಟ ಸೈನಿಕಬೊಂಬೆಗಳಿಗೆ ಬಣ್ಣ ಬಳಿಯುವವರ ದೊಡ್ಡ ಬಳಗವೇ ಇದೆ. ಅದನ್ನೂ ಮಿನಿಯೇಚರ್ ಚಿತ್ರಣವೆಂದೇ ಕರೆಯುತ್ತಾರೆ. ಇಂಗ್ಲೆಂಡಿನ ಸಿಟಡೆಲ್ ಬಣ್ಣದವರು 2012ರಲ್ಲಿ ತಮ್ಮ ಬಣ್ಣಗಳ ಸಾಲನ್ನೂ ಹೆಸರುಗಳನ್ನೂ ಒಟ್ಟಿಗೆ ಬದಲಾಯಿಸಿದರು. ಅರ್ಧ ಬಣ್ಣ ಬಳಿದ ಸೈನ್ಯವನ್ನು ಮೇಜಿನ ಮೇಲಿಟ್ಟುಕೊಂಡವರ ಅವಸ್ಥೆಯನ್ನು, ನನ್ನ ಲಂಗವನ್ನು ನೆನೆದು, ಊಹಿಸಬಲ್ಲೆ. ಇದು ಅದಕ್ಕೆ ಸಮ, ಅದು ಇದಕ್ಕೆ ಸಮ ಎಂದು ಅವರು ಬೇರೆ ಬೇರೆ ಕಂಪನಿಗಳ ಬಣ್ಣಗಳ ಪಟ್ಟಿಗಳನ್ನು ಮಾಡಿಕೊಂಡಿದ್ದಾರೆ. ಇಂತಹ ಪಟ್ಟಿ ಹುಡುಕುವ ದಾರಿಯನ್ನು ಹತ್ತಿರ ಮಾಡುತ್ತದೆ. ಆದರೆ ಅದರಲ್ಲಿ ‘ಸಮ’ ಎಂದರೆ ನೋಟಕ್ಕೆ ಹತ್ತಿರವೆಂದಷ್ಟೇ ಅರ್ಥ. ಮುಚ್ಚುವ ಗುಣ, ಬಿಳಿಗೆ ತಡೆಯುವ ಬಲ ಇವನ್ನು ಪಟ್ಟಿ ಹೇಳುವುದಿಲ್ಲ.

ಹಳೆಯ ಚಿತ್ರಗಳನ್ನು ನೋಡಿ ಬರೆಯುವವರಿಗೆ ಮತ್ತೊಂದು ಕಷ್ಟವಿದೆ. ಅವುಗಳಲ್ಲಿನ ಕೆಲವು ಬಣ್ಣಗಳು ಈಗ ಯಾವ ಕಂಪನಿಯಲ್ಲೂ ದೊರೆಯವು. ‘ಪಿಯೂರಿ’ ಎಂಬ ಬೆಚ್ಚನೆಯ ಹಳದಿಯನ್ನು ಬಿಹಾರದ ಮುಂಗೇರಿನ ಬಳಿ ಮಾವಿನೆಲೆ ತಿನ್ನಿಸಿದ ಹಸುಗಳ ಗಂಜಲದಿಂದ ತಯಾರಿಸುತ್ತಿದ್ದುದನ್ನು ಟಿ. ಎನ್. ಮುಖರ್ಜಿಯವರು 1883ರಲ್ಲಿ ವಿವರಿಸಿದ್ದಾರೆ. ಈಗ ‘ಇಂಡಿಯನ್ ಯೆಲ್ಲೊ’ ಎಂಬ ಟ್ಯೂಬಿನಲ್ಲಿರುವುದು ಬೇರೆ ದ್ರವ್ಯ. ಇಲ್ಲಿ ಬದಲಿ ಹುಡುಕುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಚಿತ್ರದಲ್ಲಿ ಆ ಬಣ್ಣ ಯಾವ ಕೆಲಸ ಮಾಡುತ್ತಿತ್ತು? ಪಿಯೂರಿ ತಿಳಿಯಾದ, ಒಳಗಿನಿಂದ ಬೆಳಗುವ ಹಳದಿ. ಅದಕ್ಕೆ ಪಾರದರ್ಶಕ ಹಳದಿಯೇ ಬೇಕು. ಹರಿದಾಳ ಮುಚ್ಚುವ ಹಳದಿ. ಅದಕ್ಕೆ ದಟ್ಟ ಹಳದಿಯಾಗಬೇಕು.

ಹರಿದಾಳದ ಮಾತು ಬಂದುದರಿಂದ ಒಂದು ವಿಷಯವನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಅಸಲು ಬಣ್ಣವೇ ಬೇಕೆಂಬ ಹುರುಪಿನಿಂದ ನಮ್ಮಲ್ಲಿ ಕೆಲವರು ಗ್ರಂಧಿಗೆ ಅಂಗಡಿಗೆ ಹೋಗಿ ಹರಿದಾಳ, ಇಂಗಳೀಕಗಳನ್ನು ವಿಚಾರಿಸುವುದನ್ನು ಕಂಡಿದ್ದೇನೆ. ಹರಿದಾಳವೆಂದರೆ ಪಾಷಾಣದ ಸಂಯುಕ್ತ, ಇಂಗಳೀಕದಲ್ಲಿ ಪಾದರಸ. ಮೈಸೂರು ಚಿತ್ರಗಳ ಗೆಸ್ಸೊ ಕೆಲಸಕ್ಕೆ ಹಿಂದೆ ಬಳಸುತ್ತಿದ್ದ ಸಫೇದದಲ್ಲಿ ಸೀಸ. ಚಿಕಣಿ ಬರೆಯುವ ನಮಗೆಲ್ಲ ಒಂದು ದುರಭ್ಯಾಸವಿದೆ: ಕುಂಚದ ಮೊನೆಯನ್ನು ಚೂಪು ಮಾಡಲು ತುಟಿಗೆ ಇಟ್ಟುಕೊಳ್ಳುವುದು. ಈ ಎರಡೂ ಒಟ್ಟಿಗೆ ಸೇರಬಾರದು. ಇಂಗಳೀಕಕ್ಕೆ ಬದಲಿ ಹುಡುಕುವುದು ಇಲ್ಲಿ ಜಿಪುಣತನವಲ್ಲ, ಜೀವದ ಪ್ರಶ್ನೆ. ತುಟಿಗಿಡುವ ಅಭ್ಯಾಸವನ್ನಂತೂ ಯಾವ ಬಣ್ಣಕ್ಕಾದರೂ ಬಿಡುವುದೇ ಲೇಸು. ನಾನಿನ್ನೂ ಪೂರ್ತಿ ಬಿಟ್ಟಿಲ್ಲವೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಇನ್ನು ನನ್ನ ನಾಯಿಕೆಯ ಕಥೆ. ಎರಡು ಸೀಸೆಗಳನ್ನೂ ಮೇಲಿನ ಕ್ರಮದಲ್ಲಿ ಪರೀಕ್ಷಿಸಿದೆ; ಹಳೆಯದರ ತಳವನ್ನು ಕುಂಚದಿಂದ ಬಳಿದು ಬಳಿದು ಕಾರ್ಡಿಗೆ ಸಾಕಾಗುವಷ್ಟು ತೆಗೆದುಕೊಂಡೆ. ಹೊಸದು ಬಿಳಿಯೊಡನೆ ಕಿತ್ತಳೆಗೆ ತಿರುಗಿತು, ಹಳೆಯದು ಗುಲಾಬಿಗೆ. ಅಂದರೆ ಹೊಸದಕ್ಕೆ ತಣ್ಣನೆಯ ಕೆಂಪು ಸ್ವಲ್ಪ ಬೇಕು. ಕ್ರಿಮ್ಸನ್ನನ್ನು ಹನಿಹನಿಯಾಗಿ ಸೇರಿಸುತ್ತ, ಪ್ರತಿ ಸಲವೂ ಹಚ್ಚಿ ಒಣಗಿಸಿ ನೋಡುತ್ತ ಹೋದಾಗ ಒಂಬತ್ತು ಹನಿಗೆ ಒಂದು ಹನಿಯ ಹೊತ್ತಿಗೆ ಛಾಯೆ ಹತ್ತಿರ ಬಂತು. ಬೇಕಾದಷ್ಟನ್ನು ಒಮ್ಮೆಲೇ ಬೆರಸಿ ಔಷಧದ ಚಿಕ್ಕ ಸೀಸೆಯಲ್ಲಿಟ್ಟುಕೊಂಡೆ, ಮತ್ತೆ ಬೆರಸಿದರೆ ಅದೇ ಬಣ್ಣ ಬರುವುದು ಕಷ್ಟ. ಲಂಗದ ಹೆಂಚಿನ ಭಾಗವನ್ನು ಒದ್ದೆಕುಂಚದಿಂದ ಮೆಲ್ಲಗೆ ಎತ್ತಿ ತೆಗೆದೆ. ಆದರೂ ಎರಡು ಕೆಂಪುಗಳು ಅಂಚಿನಲ್ಲಿ ಕೂಡಿದ ಕಡೆ ಒಂದು ಹೊಲಿಗೆ ಕಾಣುತ್ತಿತ್ತು. ಆಗ ಹೊಳೆದ ಉಪಾಯ: ಹಳೆಯ ಬಣ್ಣವನ್ನು ಇನ್ನೂ ಸ್ವಲ್ಪ ಎತ್ತಿ ಆ ಅಂಚನ್ನು ಲಂಗದ ಒಂದು ನೆರಿಗೆಯವರೆಗೆ ತಂದು, ನೆರಿಗೆಗಳ ಗೆರೆಗಳನ್ನೆಲ್ಲ ಅದೇ ಕ್ರಿಮ್ಸನ್ನಿನಿಂದ ಮೇಲಿನಿಂದ ಕೆಳಗೆ ಎಳೆದೆ. ಹೊಲಿಗೆ ನೆರಿಗೆಯಲ್ಲಿ ಸೇರಿಹೋಯಿತು. ಪ್ರದರ್ಶನದ ದಿನ ಅದೇ ಅಧ್ಯಾಪಕರು ಚಿತ್ರದ ಮುಂದೆ ಬಹಳ ಹೊತ್ತು ನಿಂತು ಹುಡುಕಿದರು. ಸಿಕ್ಕಿತೋ ಇಲ್ಲವೋ, ಹೇಳಲಿಲ್ಲ.

ಒಂದು ಪರೀಕ್ಷೆ ಮಾತ್ರ ಇನ್ನೂ ಮುಗಿದಿಲ್ಲ. ಇಂದು ಹೊಂದಿದ ಬಣ್ಣ ಬಿಸಿಲಿಗೆ ಮಾಸಿದರೆ ಬದಲಿಯೆಂದು ಹೇಗೆ ಹೇಳುವುದು? ಹಳೆಯ ಕ್ರಿಮ್ಸನ್‌ಗಳಲ್ಲಿರುತ್ತಿದ್ದ ಪಿ.ಆರ್. 83, ಅಂದರೆ ಅಲಿಜರಿನ್, ತೆಳುವಾಗಿ ಹಚ್ಚಿದಾಗ ಬೆಳಕಿಗೆ ಮಾಸುವುದರಲ್ಲಿ ಹೆಸರಾದುದು; ನನ್ನ ಟ್ಯೂಬಿನಲ್ಲಿರುವುದು ಯಾವುದೆಂದು ಅದರ ಮೇಲೆ ಬರೆದಿಲ್ಲ. ಆದ್ದರಿಂದ ಹಳೆಯ, ಹೊಸ ಮತ್ತು ಬೆರಸಿದ ಮೂರು ಕೆಂಪುಗಳ ಕಾರ್ಡುಗಳ ಅರ್ಧಕ್ಕೆ ರಟ್ಟು ಮುಚ್ಚಿ ನಮ್ಮ ವಾಚನಾಲಯದ ಪಶ್ಚಿಮದ ಕಿಟಕಿಯಲ್ಲಿ, ಗ್ರಂಥಪಾಲಕರ ಅನುಮತಿ ಪಡೆದು, ಅಂಟಿಸಿದ್ದೇನೆ. ಹಿಂಬದಿಯಲ್ಲಿ ತಾರೀಖಿದೆ. ಪರೀಕ್ಷೆ ಮುಗಿದು ನಾನು ಕಾಲೇಜು ಬಿಟ್ಟ ಮೇಲೂ ಅವು ಅಲ್ಲಿಯೇ ಇರುತ್ತವೆ. ಮುಂದಿನ ವರ್ಷದ ಮಿತ್ರರು ಯಾರಾದರೂ ರಟ್ಟು ತೆಗೆದು ನೋಡಿ, ಯಾವುದು ಮಾಸಿದೆಯೆಂದು ಒಂದು ಕಾಗದ ಬರೆದರೆ ಉಪಕಾರವಾಗುತ್ತದೆ.